ಹಿರಿಯರಿಗೆ ಸ್ಮಾರ್ಟ್‌ಬೋರ್ಡ್ ಕಲಿಸುವ ಕೆಲಸ ನನ್ನ ಪಾಲಿಗೇ ಯಾಕೆ ಬಂತು?

ಪ್ರಶ್ನೆ: ನಾನು ವಿಶ್ವವಿದ್ಯಾಲಯದ ಘಟಕ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ವಯಸ್ಸು 34. ಕಳೆದ ವರ್ಷ ನಮ್ಮಲ್ಲಿ ಕೆಲವು ತರಗತಿಗಳಿಗೆ ಸ್ಮಾರ್ಟ್‌ಬೋರ್ಡ್ ಬಂದವು. ‘ನೀವು ಚಿಕ್ಕವರು, ಇದೆಲ್ಲ ನಿಮಗೆ ಗೊತ್ತಿರುತ್ತೆ’ ಎಂದು ಪ್ರಾಂಶುಪಾಲರು ಎಲ್ಲ ಅಧ್ಯಾಪಕರಿಗೂ ಕಲಿಸುವ ಹೊಣೆಯನ್ನು ನನಗೆ ಕಟ್ಟಿದರು. ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದ (ಐಕ್ಯೂಎಸಿ) ವತಿಯಿಂದ ಒಂದು ದಿನದ ಕಾರ್ಯಾಗಾರ ಮಾಡಿದೆ. ಎಲ್ಲರೂ ಬಂದರು, ಫೋಟೊ ತೆಗೆಸಿಕೊಂಡರು, ಪ್ರಮಾಣಪತ್ರ ಹಿಡಿದು ಹೋದರು. ಮರುವಾರ ಬೋರ್ಡುಗಳ ಮೇಲೆ ಮತ್ತೆ ಧೂಳು.

ಕನ್ನಡ ವಿಭಾಗದ ಹಿರಿಯ ಸರ್ ಎಲ್ಲರೆದುರು, ‘ಮಕ್ಕಳು ನನ್ನ ಪಾಠ ಕೇಳೋಕೆ ಬರ್ತಾರಮ್ಮ, ಪರದೆ ನೋಡೋಕಲ್ಲ’ ಎಂದುಬಿಟ್ಟರು. ಅವರ ಪಾಠ ಕೇಳಲು ಬೇರೆ ವಿಭಾಗದ ಹುಡುಗರೂ ಬಂದು ಕೂರುವುದು ನಿಜವೇ. ಅರ್ಥಶಾಸ್ತ್ರದ ಮೇಡಂಗೆ ಆಸಕ್ತಿಯಿದೆ. ಆದರೆ ಒಮ್ಮೆ ಪ್ರೊಜೆಕ್ಟರ್ ಹತ್ತದೆ ಹುಡುಗರು ನಕ್ಕ ಮೇಲೆ ಅವರು ಆ ಕೋಣೆಯ ಕಡೆಗೇ ಹೋಗುತ್ತಿಲ್ಲ. ಅತಿಥಿ ಉಪನ್ಯಾಸಕರು ‘ನಮಗೆ ವೈಫೈ ಪಾಸ್‌ವರ್ಡೇ ಕೊಟ್ಟಿಲ್ಲ ಮೇಡಂ’ ಅನ್ನುತ್ತಾರೆ. ಇದರ ನಡುವೆ ಯಾರದೋ ಲಾಗಿನ್ ಮರೆತುಹೋಗಿದೆ, ಯಾರದೋ ಇಂಟರ್ನಲ್ ಅಂಕ ಪೋರ್ಟಲ್‌ಗೆ ಏರುತ್ತಿಲ್ಲ ಎಂದು ರಾತ್ರಿ ಹತ್ತು ಗಂಟೆಗೂ ನನಗೇ ಫೋನು. ನನ್ನ ಪಿಎಚ್.ಡಿ. ಬರವಣಿಗೆ ನಿಂತೇಹೋಗಿದೆ. ಕಾಲೇಜಿನ ಮೌಲ್ಯಾಂಕನಕ್ಕೆ ನ್ಯಾಕ್ ತಂಡ ಬರುವುದರೊಳಗೆ ‘ಎಲ್ಲರೂ ಐಸಿಟಿ ಬಳಸುತ್ತಿದ್ದಾರೆ’ ಎಂದು ತೋರಿಸಬೇಕಂತೆ. ಹಿರಿಯರನ್ನು ಹೇಗೆ ಒಪ್ಪಿಸಲಿ? ಅಥವಾ ಕೈಚೆಲ್ಲಿ ಕೂತುಬಿಡಲೇ?

– ಹೆಸರು ಬೇಡ, ಮಲೆನಾಡು

ಉತ್ತರ: ಕೈಚೆಲ್ಲಬೇಡಿ ಮೇಡಂ. ಆದರೆ ಹಿರಿಯರನ್ನು ಒಪ್ಪಿಸುವ ಪ್ರಯತ್ನವನ್ನು ಇವತ್ತೇ ಬಿಟ್ಟುಬಿಡಿ.

ನಿಮ್ಮ ಪತ್ರ ಓದಿದರೆ ಮೂರು ಬೇರೆ ಬೇರೆ ಕೆಲಸಗಳು ಗೋಜಲಾಗಿ ನಿಮ್ಮೊಬ್ಬರ ಮೇಲೆ ಬಿದ್ದಿರುವುದು ಕಾಣುತ್ತದೆ. ಪೋರ್ಟಲ್‌ಗೆ ಅಂಕ ಏರಿಸುವುದು, ಲಾಗಿನ್ ಸರಿಪಡಿಸುವುದು ಕಚೇರಿಯ ಕೆಲಸ. ಪ್ರೊಜೆಕ್ಟರ್ ಹತ್ತುವಂತೆ, ಕೇಬಲ್ ಸರಿಯಿರುವಂತೆ ನೋಡಿಕೊಳ್ಳುವುದು ತಾಂತ್ರಿಕ ಸಿಬ್ಬಂದಿಯ ಕೆಲಸ. ಪಾಠದಲ್ಲಿ ತಂತ್ರಜ್ಞಾನ ಎಲ್ಲಿ ಒದಗುತ್ತದೆ ಎಂದು ಸಹೋದ್ಯೋಗಿಯ ಜೊತೆ ಕೂತು ಯೋಚಿಸುವುದು ಅಧ್ಯಾಪಕರ ಕೆಲಸ. ಇವುಗಳಲ್ಲಿ ಮೂರನೆಯದು ಮಾತ್ರ ನಿಮ್ಮದು. ಉಳಿದೆರಡನ್ನು ಕೆಳಗಿಳಿಸದೆ ಮೂರನೆಯದಕ್ಕೆ ಕೈಹಾಕಿದರೆ ನೀವು ಸೋಲುತ್ತೀರಿ, ನಿಮ್ಮ ಪ್ರಬಂಧವೂ ಮುಗಿಯುವುದಿಲ್ಲ.

ಹಿರಿಯರಿಗೆ ತಂತ್ರಜ್ಞಾನ ಆಗಿಬರುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ತರಕಾರಿ ಅಂಗಡಿಯಲ್ಲಿ ಫೋನ್‌ಪೇ ಮಾಡುವವರು, ಅಮೆರಿಕದಲ್ಲಿರುವ ಮೊಮ್ಮಗುವಿನ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುವವರು, ವಾಟ್ಸಾಪ್‌ನಲ್ಲಿ ಬೆಳಗಿನ ಶುಭಾಶಯ ಕಳಿಸುವವರು ಇದೇ ಮೇಷ್ಟ್ರುಗಳು, ಮೇಡಂಗಳು. ಕಾಲೇಜಿನೊಳಗೆ ಮಾತ್ರ ತಂತ್ರಜ್ಞಾನವೆಂದರೆ ಅವರಿಗೆ ಕೊನೆಯ ದಿನಾಂಕ, ತೆರೆದುಕೊಳ್ಳದ ಪುಟ, ಮತ್ತೆ ಮತ್ತೆ ಕೇಳುವ ಒಟಿಪಿ, ಕೇಳಿದ್ದನ್ನೇ ಮೂರು ನಮೂನೆಯಲ್ಲಿ ತುಂಬಿಸಿಕೊಳ್ಳುವ ವರದಿ. ಬೋರ್ಡೂ ಅದೇ ಬಳಗದ್ದು ಅನ್ನಿಸಿದರೆ ಅವರ ತಪ್ಪೇನು? ಅವರು ದೂರವಿಡುತ್ತಿರುವುದು ಬಹುಪಾಲು ಈ ಗುಮಾಸ್ತಗಿರಿಯನ್ನು.

ಇನ್ನೊಂದು ಕಾರಣ ಹಳೆಯದು. ವಿಶ್ವವಿದ್ಯಾಲಯ ಅನುದಾನ ಆಯೋಗದ ‘ಕಂಟ್ರಿವೈಡ್ ಕ್ಲಾಸ್‌ರೂಮ್’ ದೂರದರ್ಶನದಲ್ಲಿ ಶುರುವಾದದ್ದು 1984ರ ಆಗಸ್ಟ್ 15ರಂದು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದರ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ. 2017ರಲ್ಲಿ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’ ಬಂತು. ಒಳ್ಳೆಯ ಉಪನ್ಯಾಸಗಳನ್ನು ದೂರದ ಊರುಗಳಿಗೂ ಮುಟ್ಟಿಸಿದ್ದು ಇವುಗಳ ಹೆಚ್ಚುಗಾರಿಕೆ, ಅದನ್ನು ಅಲ್ಲಗಳೆಯಲಾಗದು. ಆದರೆ ನಾಳೆ ಬೆಳಿಗ್ಗೆ ಹನ್ನೊಂದರ ಪೀರಿಯಡ್‌ನಲ್ಲಿ ಅರವತ್ತು ಮಕ್ಕಳ ಮುಂದೆ ನಿಂತ ಅಧ್ಯಾಪಕರು ಇದನ್ನೆಲ್ಲ ಏನು ಮಾಡಬೇಕು ಎಂಬ ಪ್ರಶ್ನೆ ಪ್ರತಿ ಸಲವೂ ಅವರಿಗೇ ಉಳಿಯಿತು. ಮೊದಲು ಪರದೆ ಬರುತ್ತದೆ, ಆಮೇಲೆ ಮೇಷ್ಟ್ರಿಗೆ ಕರೆ ಬರುತ್ತದೆ. ನಿಮ್ಮ ಹಿರಿಯ ಸರ್ ಈ ಕ್ರಮವನ್ನು ವೃತ್ತಿಯುದ್ದಕ್ಕೂ ನೋಡಿದವರು. ಅವರ ಮಾತಿನ ಹಿಂದೆ ಅಹಂಕಾರಕ್ಕಿಂತ ಅನುಭವವೇ ಹೆಚ್ಚಿರಬಹುದು.

ನಿಮ್ಮ ಕಾರ್ಯಾಗಾರ ಯಾಕೆ ದಡ ಮುಟ್ಟಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅಲ್ಲಿ ನೀವು ಕಲಿಸಿದ್ದು ಗುಂಡಿಗಳನ್ನು. ಕನ್ನಡಕ್ಕೂ ಅರ್ಥಶಾಸ್ತ್ರಕ್ಕೂ ಸಸ್ಯಶಾಸ್ತ್ರಕ್ಕೂ ಅವೇ ಗುಂಡಿ. ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಬರೆದುಕೊಟ್ಟ ಹಾಗೆ. ವಿಷಯ ಬಲ್ಲವರೆಲ್ಲ ಒಳ್ಳೆಯ ಅಧ್ಯಾಪಕರಾಗುವುದಿಲ್ಲ, ಆ ವಿಷಯದಲ್ಲಿ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆ ಎಂಬ ಅರಿವೇ ಬೇರೆ ಎಂಬುದನ್ನು ಲೀ ಶುಲ್ಮನ್ 1986ರಲ್ಲಿ ವಿವರಿಸಿದರು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಆ ಚೌಕಟ್ಟಿಗೆ ತಂತ್ರಜ್ಞಾನವನ್ನೂ ಸೇರಿಸಿದರು. ವಿಷಯ, ಬೋಧನೆಯ ಕ್ರಮ, ಉಪಕರಣ ಈ ಮೂರರ ತಿಳಿವಳಿಕೆ ಒಂದೇ ಪಾಠದಲ್ಲಿ ಕೂಡಿಬಂದಾಗಲೇ ಪ್ರಯೋಜನ ಎಂಬುದು ಅವರ ವಾದ. ನಿಮ್ಮ ಸಹೋದ್ಯೋಗಿಗಳ ಬಳಿ ಮೊದಲೆರಡು ಧಾರಾಳವಾಗಿವೆ, ನಿಮ್ಮ ಬಳಿ ಮೂರನೆಯದು ಇದೆ. ಹೀಗಾಗಿ ಇದು ಗುರು ಶಿಷ್ಯರ ಸಂಬಂಧ ಅಲ್ಲವೇ ಅಲ್ಲ. ಇಬ್ಬರು ಸೇರಿ ಮಾಡುವ ಕೆಲಸ.

ಆದ್ದರಿಂದ ಮತ್ತೊಂದು ಕಾರ್ಯಾಗಾರ ಬೇಡ. ಈ ಸೆಮಿಸ್ಟರ್‌ಗೆ ಇಬ್ಬರನ್ನೋ ಮೂವರನ್ನೋ ಆರಿಸಿಕೊಳ್ಳಿ. ಕಾಫಿಗೆ ಕೂತಾಗ ಅವರಿಗೆ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಪೇಪರಿನಲ್ಲಿ ಮಕ್ಕಳು ಪ್ರತಿ ವರ್ಷ ತಪ್ಪುವ ಜಾಗ ಯಾವುದು?’ ತಂತ್ರಜ್ಞಾನದ ಹೆಸರನ್ನೇ ಎತ್ತಬೇಡಿ. ಮೌಲ್ಯಮಾಪನಕ್ಕೆ ಕೂತ ಯಾವ ಅಧ್ಯಾಪಕರಿಗೂ ಈ ಪ್ರಶ್ನೆಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಅರ್ಥಶಾಸ್ತ್ರದ ಮೇಡಂ ಅವರಿಂದಲೇ ಶುರುಮಾಡಿ, ಅವರಿಗೆ ಮನಸ್ಸಿದೆ. ಬೇಡಿಕೆ ರೇಖೆಯ ಪಾಠವನ್ನೇ ತೆಗೆದುಕೊಳ್ಳಿ. ಅದೇ ರೇಖೆಯ ಮೇಲಿನ ಚಲನೆಗೂ ಇಡೀ ರೇಖೆಯೇ ಪಲ್ಲಟವಾಗುವುದಕ್ಕೂ ಇರುವ ವ್ಯತ್ಯಾಸದಲ್ಲಿ ವಿದ್ಯಾರ್ಥಿಗಳು ತಪ್ಪುವುದು ಎಲ್ಲ ಕಡೆಯ ಕತೆ. ಕಪ್ಪುಹಲಗೆಯಲ್ಲಿ ಎರಡೂ ನಿಂತ ಗೆರೆಗಳೇ. ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಬೆಲೆಗೊಂದು, ಆದಾಯಕ್ಕೊಂದು ಸ್ಲೈಡರ್ ಇಟ್ಟರೆ ಬೆಲೆ ಬದಲಿಸಿದಾಗ ಬಿಂದು ಜಾರುವುದು, ಆದಾಯ ಬದಲಿಸಿದಾಗ ರೇಖೆಯೇ ಸರಿಯುವುದು ಕಣ್ಣೆದುರೇ ಕಾಣುತ್ತದೆ. ಆ ಕಡತವನ್ನು ನೀವು ಮಾಡಿಕೊಡಿ, ಮೇಡಂ ಮೊದಲ ದಿನವೇ ಅದನ್ನು ಕಲಿಯಬೇಕಿಲ್ಲ.

ಅದಕ್ಕೂ ಮೊದಲು ಒಂದು ಪ್ರಶ್ನೆ ಹಾಕಿಸಿ. ‘ಟೊಮೆಟೊ ಬೆಲೆ ಏರಿತು, ಜನ ಕಡಿಮೆ ಕೊಂಡರು. ರೇಖೆ ಸರಿಯಿತೋ, ಅದರ ಮೇಲೆ ನಾವು ಸರಿದೆವೋ?’ ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಕೊಡಲಿ. ಸರಿಯುತ್ತರ ಹೇಳುವ ಮುನ್ನ ಪಕ್ಕದವರೊಡನೆ ಎರಡು ನಿಮಿಷ ವಾದಿಸಲಿ, ಆಮೇಲೆ ಮತ್ತೊಮ್ಮೆ ಉತ್ತರಿಸಲಿ. ಇದು ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬಳಕೆಗೆ ತಂದ ಕ್ರಮ. ಅವರು ಜನಪ್ರಿಯ ಮೇಷ್ಟ್ರು, ವಿದ್ಯಾರ್ಥಿಗಳು ಮೆಚ್ಚಿ ಅಭಿಪ್ರಾಯ ಬರೆಯುತ್ತಿದ್ದರು. ಸೂತ್ರ ಹಾಕಿ ಲೆಕ್ಕ ಬಿಡಿಸುತ್ತಿದ್ದ ಅದೇ ವಿದ್ಯಾರ್ಥಿಗಳು ಮೂಲ ಪರಿಕಲ್ಪನೆಯ ಸರಳ ಪ್ರಶ್ನೆಗಳಲ್ಲಿ ತಡವರಿಸಿದ್ದನ್ನು ಕಂಡು ಪಾಠದ ರೀತಿಯನ್ನೇ ಬದಲಿಸಿದರು. ಸರಿಯುತ್ತರ ಕೊಟ್ಟವರು ಸುಮಾರು ಶೇ 30ರಿಂದ 70ರೊಳಗೆ ಇದ್ದರೆ ಚರ್ಚೆಗೆ ಬಿಡಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪಾಠ ಮತ್ತೆ ಹೇಳಬೇಕು. ಹೆಚ್ಚಿದ್ದರೆ ಮುಂದಕ್ಕೆ ಹೋಗಬೇಕು. ಕೈಯೆತ್ತಿಸಿಯೂ ಎಣಿಸಬಹುದು. ಆದರೆ ಕೈಯೆತ್ತುವಾಗ ಮಕ್ಕಳು ಮುಂದಿನ ಬೆಂಚಿನವರನ್ನು ನೋಡಿ ಎತ್ತುತ್ತಾರೆ. ಪ್ಲಿಕರ್ಸ್ ಎಂಬ ಆ್ಯಪ್ ಒದಗುವುದು ಇಲ್ಲಿ. ಮುದ್ರಿಸಿದ ಒಂದೊಂದು ಕಾಗದದ ಕಾರ್ಡನ್ನು ವಿದ್ಯಾರ್ಥಿ ತನ್ನ ಉತ್ತರಕ್ಕೆ ತಕ್ಕ ಹಾಗೆ ತಿರುಗಿಸಿ ಹಿಡಿಯುತ್ತಾನೆ, ಮೇಡಂ ತಮ್ಮ ಫೋನಿನ ಕ್ಯಾಮೆರಾ ಆಡಿಸಿದರೆ ಯಾರು ಏನು ಹೇಳಿದರು ಎಂಬ ಲೆಕ್ಕ ಬರುತ್ತದೆ. ವಿದ್ಯಾರ್ಥಿಗಳ ಬಳಿ ಫೋನೇ ಬೇಕಿಲ್ಲ.

ಹುಡುಗರು ನಕ್ಕದ್ದನ್ನು ಹಗುರವಾಗಿ ನೋಡಬೇಡಿ. ಅಧ್ಯಾಪಕರಿಗೆ ತರಗತಿಯಲ್ಲಿ ಮುಖಭಂಗವಾಗುವುದಕ್ಕಿಂತ ದೊಡ್ಡ ಭಯ ಇನ್ನೊಂದಿಲ್ಲ. ಅದಕ್ಕೇ ಅಭ್ಯಾಸ ಸ್ಟಾಫ್‌ರೂಮಿನಲ್ಲಿ ನಾಲ್ಕು ಜನರೆದುರು ಬೇಡ. ಅವರು ಪಾಠ ಮಾಡುವ ಅದೇ ಕೋಣೆಯಲ್ಲಿ, ಖಾಲಿ ಹೊತ್ತಿನಲ್ಲಿ, ಅದೇ ಕೇಬಲ್ ಚುಚ್ಚಿ ಆಗಲಿ. ಮೌಸ್ ಅವರ ಕೈಯಲ್ಲೇ ಇರಲಿ. ‘ಕೊಡಿ ಮೇಡಂ, ನಾನೇ ಮಾಡ್ತೀನಿ’ ಎಂದು ಕಸಿದುಕೊಂಡರೆ ಆ ದಿನದ ಕೆಲಸ ಬೇಗ ಮುಗಿಯುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಮೊದಲ ತರಗತಿಯ ದಿನ ಹಿಂದಿನ ಬೆಂಚಿನಲ್ಲಿ ನೀವು ಕೂತಿರಿ. ಕರೆಂಟ್ ಹೋದರೆ ಏನು ಮಾಡುವುದೆಂದು ಮೊದಲೇ ಮಾತಾಡಿಕೊಳ್ಳಿ. ಸೀಮೆಸುಣ್ಣ ಮೇಜಿನ ಮೇಲೆಯೇ ಇರಲಿ. ಮಳೆಗಾಲದ ಮಲೆನಾಡಿನಲ್ಲಿ ಕಪ್ಪುಹಲಗೆ ಇಲ್ಲದ ಪಾಠ ಯೋಜಿಸುವುದು ಜಾಣತನವಲ್ಲ.

ಇನ್ನು ನಿಮ್ಮ ಹಿರಿಯ ಸರ್. ಅವರ ಮಾತಿಗೆ ಉತ್ತರ ಕೊಡಲು ಹೋಗಬೇಡಿ, ಅವರ ತರಗತಿಯ ಮಟ್ಟಿಗೆ ಅದು ನಿಜ. ಪಾಠದಿಂದಲೇ ಮಕ್ಕಳನ್ನು ಹಿಡಿದಿಡುವವರ ಕೈಗೆ ಸ್ಲೈಡು ಕೊಟ್ಟರೆ ಪಾಠ ಕೆಡುತ್ತದೆ. ಪರದೆ ಅವರ ತರಗತಿಗೆ ಬರಲೇಬೇಕೆಂದಿಲ್ಲ. ‘ಸರ್, ಒಂದು ದಿನ ನಿಮ್ಮ ಪಾಠಕ್ಕೆ ಬಂದು ಕೂರಬಹುದೇ?’ ಎಂದು ಕೇಳಿ. ನಿಜಕ್ಕೂ ಹೋಗಿ ಕೂರಿ. ಆಮೇಲೆ, ತರಗತಿ ಮುಗಿದ ಮೇಲೆ ಮಕ್ಕಳ ಪಾಡೇನು ಎಂದು ವಿಚಾರಿಸಿ. ಹಳಗನ್ನಡದ ಕಂದಪದ್ಯವನ್ನು ಅವರು ಓದಿದಾಗ ಅರ್ಥವಾಗುತ್ತದೆ, ಹುಡುಗಿ ಮನೆಗೆ ಹೋಗಿ ಪುಸ್ತಕ ತೆರೆದರೆ ಎಲ್ಲಿ ಪದ ಒಡೆಯಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು ಎಂಬುದೇ ತಿಳಿಯುವುದಿಲ್ಲ. ಪಠ್ಯದಲ್ಲಿರುವ ಪದ್ಯಗಳನ್ನು ಸರ್ ತಮ್ಮ ಫೋನಿನಲ್ಲಿ ಒಂದೊಂದಾಗಿ ಓದಿ, ಪದ ಬಿಡಿಸಿ, ಅನ್ವಯ ಹೇಳಿ ಧ್ವನಿಮುದ್ರಿಸಲಿ. ಐದು ನಿಮಿಷದ ಧ್ವನಿ ಕೆಲವೇ ಎಂಬಿ, ಡೇಟಾ ಕಡಿಮೆಯಿರುವ ಮಕ್ಕಳಿಗೂ ಹೊರೆಯಾಗದು. ಬಸ್ಸಿನಲ್ಲಿ ಕೂತು ಕೇಳಬಹುದು. ಅವರು ನಿವೃತ್ತರಾದ ಮೇಲೂ ಆ ಓದು ವಿಭಾಗಕ್ಕೆ ಉಳಿಯುತ್ತದೆ.

ಕನ್ನಡ ವಿಭಾಗಗಳಲ್ಲಿ ಸಾಮಾನ್ಯವಾಗಿರುವ ಇನ್ನೊಂದು ತೊಡಕನ್ನೂ ಕೇಳಿ ನೋಡಿ. ಹಳೆಯ ಟಿಪ್ಪಣಿಗಳೆಲ್ಲ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಆಗಿರುತ್ತವೆ. ಅವನ್ನು ಗೂಗಲ್ ಕ್ಲಾಸ್‌ರೂಮಿಗೋ ವಾಟ್ಸಾಪ್‌ಗೋ ಹಾಕಿದರೆ ವಿದ್ಯಾರ್ಥಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಒಮ್ಮೆ ಹೀಗಾದ ಮೇಲೆ ‘ಕಂಪ್ಯೂಟರ್ ಕನ್ನಡಕ್ಕಲ್ಲ’ ಎಂಬ ತೀರ್ಮಾನಕ್ಕೆ ಬಂದವರಿದ್ದಾರೆ. ಅವನ್ನು ಯುನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ಆಮೇಲೆ ಒಮ್ಮೆ ಒತ್ತಕ್ಷರ ಸರಿ ನೋಡಿದರೆ ಸಾಕು. ಸರ್ ಅವರ ಟಿಪ್ಪಣಿಯ ಒಂದು ಅಧ್ಯಾಯವನ್ನು ಹಾಗೆ ಮಾಡಿಕೊಡಿ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಟೈಪ್ ಮಾಡುವುದನ್ನು ತೋರಿಸಿ. ‘ವಚನ ಸಂಚಯ’ ತಾಣದಲ್ಲಿ ಕಾಯಕ ಎಂಬ ಪದ ಹಾಕಿದರೆ 20,000ಕ್ಕೂ ಹೆಚ್ಚು ವಚನಗಳ ನಡುವಿನಿಂದ ಯಾವ ವಚನಕಾರರು ಅದನ್ನು ಹೇಗೆ ಬಳಸಿದ್ದಾರೆಂದು ಸಾಲಾಗಿ ಸಿಗುತ್ತದೆ. ಸಂಶೋಧನೆಯ ರುಚಿ ಇರುವವರು ಅದನ್ನು ಒಮ್ಮೆ ಕಂಡರೆ ಬಿಡುವುದಿಲ್ಲ.

ಮಕ್ಕಳು ಎಐನಿಂದ ಅಸೈನ್‌ಮೆಂಟ್ ಬರೆಸುತ್ತಾರೆ ಎಂಬ ದೂರು ನಿಮ್ಮ ಸ್ಟಾಫ್‌ರೂಮಿನಲ್ಲೂ ಎದ್ದಿರಬೇಕು. ಅದಕ್ಕೆ ಪರಿಹಾರ ಇಂಥ ಹಿರಿಯರ ಬಳಿಯೇ ಇದೆ. ಹಳಗನ್ನಡದ ಪದ್ಯಕ್ಕೆ ಎಐ ಧೈರ್ಯವಾಗಿ ತಪ್ಪು ಅರ್ಥ ಹೇಳುವುದುಂಟು. ಆ ಉತ್ತರವನ್ನು ಮುದ್ರಿಸಿ ತರಗತಿಗೆ ಕೊಟ್ಟು ‘ತಪ್ಪು ಹುಡುಕಿ, ಕಾರಣ ಬರೆಯಿರಿ’ ಎನ್ನಲಿ. ಆ ದಿನ ಯಂತ್ರವನ್ನು ತಿದ್ದುವ ಅಧಿಕಾರ ನಿಘಂಟು ಬಲ್ಲವರದು.

ನಿಮ್ಮ ಪತ್ರದಲ್ಲಿರುವ ಮೂರನೆಯ ಗುಂಪನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರದು. ಅವರಿಗೆ ಪಾಸ್‌ವರ್ಡ್ ಇಲ್ಲ, ಸಂಸ್ಥೆಯ ಇಮೇಲ್ ಇಲ್ಲ, ಮುಂದಿನ ವರ್ಷ ಇಲ್ಲೇ ಇರುತ್ತೇವೆಂಬ ಭರವಸೆಯೂ ಇಲ್ಲ. ಅವರಲ್ಲಿ ಅನೇಕರು ನಿಮಗಿಂತ ಚೆನ್ನಾಗಿ ಇದನ್ನೆಲ್ಲ ಬಲ್ಲವರಿರಬಹುದು. ಮೊದಲು ಅವರಿಗೆ ಲಾಗಿನ್ ಕೊಡಿಸಿ. ಸಂಬಳವಿಲ್ಲದ ಹೆಚ್ಚುವರಿ ಕೆಲಸ ಮಾತ್ರ ಅವರ ತಲೆಗೆ ಕಟ್ಟಬೇಡಿ.

ಇದನ್ನೆಲ್ಲ ಮಾಡಲು ನಿಮಗೆ ಸಮಯ ಬೇಕು, ಅದನ್ನು ಪ್ರಾಂಶುಪಾಲರಿಂದ ಬರವಣಿಗೆಯಲ್ಲಿ ಕೇಳಿ. ಪತ್ರ ಒಂದೇ ಪುಟವಿರಲಿ. ಕಾರ್ಯಭಾರದಲ್ಲಿ ವಾರಕ್ಕೆ ಎರಡು ಗಂಟೆಯನ್ನು ಈ ಕೆಲಸಕ್ಕೆಂದು ವೇಳಾಪಟ್ಟಿಯಲ್ಲೇ ನಮೂದಿಸಬೇಕು. ಪೋರ್ಟಲ್ ಮತ್ತು ಲಾಗಿನ್ ದೂರುಗಳಿಗೆ ಕಚೇರಿಯಲ್ಲಿ ಒಬ್ಬರನ್ನು ಗೊತ್ತುಮಾಡಬೇಕು. ಬೋರ್ಡ್ ಇರುವ ಪ್ರತಿ ಕೋಣೆಯ ಗೋಡೆಗೆ ‘ಮೊದಲು ಯಾವ ಸ್ವಿಚ್, ಆಮೇಲೆ ಯಾವ ಕೇಬಲ್, ಚಿತ್ರ ಬರದಿದ್ದರೆ ಯಾವ ಗುಂಡಿ’ ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದ ಹಾಳೆ ಅಂಟಿಸಬೇಕು. ಕೋಣೆಯ ಕೀಲಿ, ರಿಮೋಟು ಎಲ್ಲಿರುತ್ತದೆಂದು ಎಲ್ಲರಿಗೂ ತಿಳಿದಿರಬೇಕು. ಅರ್ಧ ಪೀರಿಯಡ್ ಅಟೆಂಡರನ್ನು ಹುಡುಕುವುದರಲ್ಲೇ ಕಳೆದುಹೋದರೆ ಯಾವ ತರಬೇತಿಯೂ ಉಪಯೋಗಕ್ಕೆ ಬಾರದು. ನಿಮ್ಮಲ್ಲಿ ಬಿಸಿಎ ಇದ್ದರೆ ಕೊನೆಯ ವರ್ಷದ ವಿದ್ಯಾರ್ಥಿಗಳು ಸರದಿಯ ಮೇಲೆ ಸಂತೋಷದಿಂದ ಸಹಾಯ ಮಾಡುತ್ತಾರೆ. ರಾತ್ರಿ ಎಂಟರ ಮೇಲೆ ಬಂದ ಫೋನಿಗೆ ‘ನಾಳೆ ನೋಡೋಣ ಸರ್’ ಎಂದು ಮೆಸೇಜ್ ಹಾಕಿ ಪ್ರಬಂಧಕ್ಕೆ ಕೂರಿ. ಯಾರೂ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೂ ಎರಡು ದಿನ.

ನ್ಯಾಕ್ ವಿಷಯದಲ್ಲಿ ಪ್ರಾಂಶುಪಾಲರ ಆತಂಕ ಸುಳ್ಳಲ್ಲ. ಆದರೆ ಬೋರ್ಡಿನ ಪಕ್ಕ ನಿಂತ ಫೋಟೊಗಳು ಯಾರನ್ನೂ ನಂಬಿಸುವುದಿಲ್ಲ. ಮಾಡಿದ ಪ್ರತಿ ಪಾಠಕ್ಕೂ ಒಂದು ಪುಟ ಬರೆದಿಡಿ: ಮಕ್ಕಳು ಎಲ್ಲಿ ಎಡವುತ್ತಿದ್ದರು, ಏನು ಮಾಡಿದೆವು, ಚರ್ಚೆಗೆ ಮೊದಲು ಎಷ್ಟು ಜನ ಸರಿಯುತ್ತರ ಕೊಟ್ಟರು, ಆಮೇಲೆ ಎಷ್ಟು ಜನ. ಏನೂ ಬದಲಾಗದಿದ್ದರೆ ಅದನ್ನೂ ಬರೆಯಿರಿ. ಸಂಸ್ಥೆಯ ಉತ್ತಮ ಪದ್ಧತಿಗಳನ್ನು ವಿವರಿಸಲು ನ್ಯಾಕ್ ವರದಿಯಲ್ಲಿ ಜಾಗವಿದೆ. ಇಂಥ ಆರು ಪುಟಗಳು ‘ಶೇ 100 ಬಳಕೆ’ ಎಂಬ ಸಾಲಿಗಿಂತ ಹೆಚ್ಚು ತೂಗುತ್ತವೆ.

ಯಾವುದನ್ನು ಮಾಡುವಾಗಲೂ ಕೊನೆಯ ಬೆಂಚಿನ ವಿದ್ಯಾರ್ಥಿಯನ್ನು ನೆನಪಿಟ್ಟುಕೊಳ್ಳಿ. ಕೋವಿಡ್ ಕಾಲದ 2021ರ ಜೂನ್‌ನಲ್ಲಿ ಸುಳ್ಯ ಕಡೆಯ ರಸ್ತೆಬದಿಯಲ್ಲಿ ಮಗಳು ಫೋನ್ ಹಿಡಿದು ಆನ್‌ಲೈನ್ ಪಾಠ ಕೇಳುತ್ತಿದ್ದಾಗ ಸುರಿವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತ್ತು. ನಿಮ್ಮ ಕಡೆಯೂ ನೆಟ್‌ವರ್ಕ್ ಸಿಗದ ಹಳ್ಳಿಗಳಿವೆ, ಒಂದು ಫೋನನ್ನು ಮನೆಯವರೆಲ್ಲ ಹಂಚಿಕೊಳ್ಳುವ ಮನೆಗಳಿವೆ. ಮನೆಯಲ್ಲಿ ವಿಡಿಯೊ ನೋಡಿ ಬನ್ನಿ ಎನ್ನುವುದಕ್ಕಿಂತ ತರಗತಿಯಲ್ಲೇ ತೋರಿಸುವುದು, ಕಾಲೇಜಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಲು ಬಿಡುವುದು ನ್ಯಾಯ.

ಒಂದು ಪಾಠ ಚೆನ್ನಾಗಿ ನಡೆದರೆ ‘ಇನ್ನೇನಿದೆ?’ ಎಂದು ಅವರೇ ಕೇಳುತ್ತಾರೆ. ಆಗ ತೋರಿಸಲು ಬೇಕಾದಷ್ಟಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಚಿಕ್ಕ ಚಿಕ್ಕ ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ. ವಿಜ್ಞಾನದವರಿಗೆ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಎಂಬ ಕಂಪ್ಯೂಟರ್ ಪ್ರಯೋಗ ಮಾದರಿಗಳಿವೆ. ಸುರತ್ಕಲ್ಲಿನ ಎನ್‌ಐಟಿಕೆ ಸಹ ಪಾಲ್ಗೊಂಡಿರುವ ವರ್ಚುವಲ್ ಲ್ಯಾಬ್‌ಗಳಿವೆ. ಬಡ್ತಿಗೆ ಬೇಕಾದ ಪುನಶ್ಚೇತನ ಶಿಬಿರಗಳು ಮಾಳವೀಯ ಮಿಷನ್ ತರಬೇತಿ ಕೇಂದ್ರಗಳಲ್ಲಿ ನಡೆಯುತ್ತವೆ. ಕೇಳುವ ಮೊದಲೇ ಈ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಯಾರೂ ತೆರೆಯುವುದಿಲ್ಲ.

ಎಲ್ಲರೂ ಬದಲಾಗುವುದಿಲ್ಲ. ಸೀಮೆಸುಣ್ಣದಲ್ಲೇ ಸೊಗಸಾಗಿ ಪಾಠ ಮಾಡುವವರು ಹಾಗೆಯೇ ಮಾಡಲಿ, ಅದು ಕಾಲೇಜಿಗೆ ನಷ್ಟವಲ್ಲ. ನಿಮ್ಮ ಗೆಲುವನ್ನು ಹತ್ತಿದ ಬೋರ್ಡುಗಳ ಲೆಕ್ಕದಲ್ಲಿ ಅಳೆಯಬೇಡಿ. ಬೇಡಿಕೆ ರೇಖೆಯಲ್ಲಿ ತಪ್ಪುತ್ತಿದ್ದ ಮಕ್ಕಳಲ್ಲಿ ಈ ಸಲ ಎಷ್ಟು ಜನ ಸರಿ ಬರೆದರು ಎಂಬುದರಲ್ಲಿ ಅಳೆಯಿರಿ. ಈ ವಾರವೇ ಪ್ರಾಂಶುಪಾಲರಿಗೆ ಆ ಒಂದು ಪುಟದ ಪತ್ರ ಕೊಡಿ. ಮುಂದಿನ ವಾರ ಅರ್ಥಶಾಸ್ತ್ರದ ಮೇಡಂ ಜೊತೆ ಕೂರಿ. ಉಳಿದವರು ಕಾಯಲಿ, ನಿಮ್ಮ ಪಿಎಚ್.ಡಿ. ಕಾಯಬಾರದು.